ಬೆಂಗೆಲ್ ಪಂಡಿತನ ಕಾಲಗಣನೆಯೂ 1836ನೆಯ ವರ್ಷವೂ

ಕನ್ನಡದ ಪ್ರಥಮ ವೃತ್ತಪತ್ರಿಕೆಯಾದ ‘ಮಂಗಳೂರು ಸಮಾಚಾರ’ವನ್ನು 1843ರಲ್ಲಿ ಹೊರಡಿಸಿದ ಹೆರ್ಮನ್ ಮೋಗ್ಲಿಂಗನ ಹೆಸರನ್ನು ಅರಿಯದ ವಿದ್ಯಾವಂತರು ನಮ್ಮಲ್ಲಿ ವಿರಳ. ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದುವನ್ನು ಕಲ್ಲಚ್ಚಿನಲ್ಲಿ ಮುದ್ರಿಸಿ ನಮ್ಮ ಹಿರಿಯರ ಕೈಗಿತ್ತವನೂ ಆತನೇ. ಆದರೆ ಆತನೂ ಆತನ ಸಂಗಡಿಗರಲ್ಲಿ ಅನೇಕರೂ ಹುಟ್ಟಿ ಬೆಳೆದ ವುರ್ಟೆಂಬರ್ಗ್ ಎಂಬ ಜರ್ಮನ್ ಸೀಮೆಯಲ್ಲಿ, ಅವರ ತಂದೆ ತಾತಂದಿರ ಕಾಲಕ್ಕೆ, ಲೋಕಾಂತ್ಯದ ವಿಷಯವಾಗಿ ಎಂತಹ ನಿರೀಕ್ಷೆ ಮನೆಮಾಡಿಕೊಂಡಿದ್ದಿತೆಂಬುದು ಇಲ್ಲಿ ಅಷ್ಟಾಗಿ ತಿಳಿದುದಲ್ಲ. ಆ ನಿರೀಕ್ಷೆಗೆ ಅಂಕೆಸಂಖ್ಯೆಗಳ ರೂಪವನ್ನು ಕೊಟ್ಟವನು ಒಬ್ಬ ಪಾಠಶಾಲೆಯ ಉಪಾಧ್ಯಾಯ.

ಕ್ರಿಸ್ತನು ಪುನಃ ಬರುವನೆಂಬುದು ಕ್ರೈಸ್ತಮತದ ಮೂಲವಿಶ್ವಾಸಗಳಲ್ಲೊಂದು. ಆ ದಿನವೂ ಆ ಗಳಿಗೆಯೂ ಮನುಷ್ಯರಾರಿಗೂ ತಿಳಿಯದೆಂದೂ, ಆದುದರಿಂದಲೇ ದೀಪಕ್ಕೆ ಎಣ್ಣೆಯನ್ನಿಟ್ಟುಕೊಂಡು ಕಾದಿರುವ ಕನ್ಯೆಯರಂತೆ, ಯಜಮಾನನಿಲ್ಲದಾಗಲೂ ಮನೆವಾರ್ತೆಯನ್ನು ನಡೆಯಿಸುವ ಆಳಿನಂತೆ ಇರಬೇಕೆಂದೂ ಸುವಾರ್ತೆಗಳು ವಿಧಿಸುತ್ತವೆ. ನಮ್ಮ ಕಲಿಯುಗದ ಪ್ರಮಾಣ 4,32,000 ವರ್ಷಗಳು. ಕಳೆದುವು ಐದು ಸಾವಿರದ ನೂರಕ್ಕೆ ತುಸು ಹೆಚ್ಚು. ಈ ಲೆಕ್ಕದಿಂದ ಯಾವ ಗೃಹಸ್ಥನ ನಿದ್ರೆಯೂ ಕೆಡುವುದಿಲ್ಲ. ಕ್ರೈಸ್ತನಿಗಾದರೋ ಯಜಮಾನನು ಈ ರಾತ್ರಿಯೇ ಬರಬಹುದು. ಅವಧಿ ತಿಳಿಯದೆ ಕಾಯುವ ಕಷ್ಟ ಎಲ್ಲರಿಗೂ ಅನುಭವವೇದ್ಯ. ಕಾಯುವವನು ಎಣಿಸಲಾರಂಭಿಸುವುದು ಆಶ್ಚರ್ಯವಲ್ಲ.

ಯೋಹಾನ್ ಆಲ್ಬ್ರೆಕ್ಟ್ ಬೆಂಗೆಲ್ 1687ರಲ್ಲಿ ವಿನ್ನೆಂಡೆನ್ ಎಂಬ ಊರಿನಲ್ಲಿ ಜನಿಸಿದನು. 1713ರಿಂದ 1741ರವರೆಗೆ, ಇಪ್ಪತ್ತೆಂಟು ವರ್ಷಗಳ ಕಾಲ, ಡೆಂಕೆಂಡಾರ್ಫಿನ ಮಠಶಾಲೆಯಲ್ಲಿ ಮುಂದೆ ಪಾದ್ರಿಗಳಾಗತಕ್ಕ ಬಾಲಕರಿಗೆ ಗ್ರೀಕ್ ಲ್ಯಾಟಿನ್ ಭಾಷೆಗಳನ್ನು ಬೋಧಿಸಿದನು. ವಿದ್ಯಾರ್ಥಿದೆಶೆಯಲ್ಲಿಯೇ ಆತನನ್ನು ಒಂದು ಸಂಶಯವು ಬಾಧಿಸಿದ್ದಿತು. 1707ರಲ್ಲಿ ಇಂಗ್ಲೆಂಡಿನ ಜಾನ್ ಮಿಲ್ ಎಂಬ ವಿದ್ವಾಂಸನು ಗ್ರೀಕ್ ಹೊಸ ಒಡಂಬಡಿಕೆಯ ಹಸ್ತಪ್ರತಿಗಳನ್ನು ಹೋಲಿಸಿ ಸುಮಾರು 30,000 ಪಾಠಾಂತರಗಳನ್ನು ತೋರಿಸಿದ್ದನು. ದೇವವಾಕ್ಯವೆಂದು ನಂಬಿದ ಗ್ರಂಥದಲ್ಲಿ ಇಷ್ಟು ಪಾಠಭೇದಗಳೇ ಎಂದು ತತ್ತರಿಸಿದ ಈ ಶ್ರದ್ಧಾವಂತನು, ಕಣ್ಣುಮುಚ್ಚಿಕೊಳ್ಳದೆ, ತಾನೇ ಪ್ರತಿಗಳನ್ನು ಶೋಧಿಸಿ 1734ರಲ್ಲಿ ಪರಿಷ್ಕೃತ ಪಾಠವನ್ನು ಪ್ರಕಟಿಸಿದನು. ಲಿಪಿಕಾರರು ಕಠಿಣವಾದುದನ್ನು ಸುಲಭಗೊಳಿಸುವರೇ ಹೊರತು ಸುಲಭವನ್ನು ಕಠಿಣಗೊಳಿಸರಾದುದರಿಂದ, ಎರಡು ಪಾಠಗಳಲ್ಲಿ ಕ್ಲಿಷ್ಟವಾದುದೇ ಮೂಲವಾಗಿರಬಹುದೆಂಬುದು ಆತನ ಸೂತ್ರ. ತಾಳೆಗರಿಗಳೊಡನೆ ಹೆಣಗಿದ ನಮ್ಮ ಪಂಡಿತರಿಗೂ ಇದು ಉಪಯುಕ್ತವಾದುದೇ. 1742ರ ಆತನ ವ್ಯಾಖ್ಯಾನವಾದ ‘ಗ್ನೋಮೋನ್’ ಗ್ರಂಥವನ್ನು ಜಾನ್ ವೆಸ್ಲಿಯು ತನ್ನ ಟಿಪ್ಪಣಿಗಳಿಗೆ ಆಧಾರವಾಗಿಟ್ಟುಕೊಂಡನು.

ಇಂತಹ ಎಚ್ಚರದ ವಿದ್ವಾಂಸನು ಯೋಹಾನನ ಪ್ರಕಟನೆಗೆ ಕೈಹಾಕಿದಾಗ ಮಾತ್ರ ಗಣಿತದ ಮೋಹಕ್ಕೆ ಸಿಲುಕಿದನು. ಆ ಗ್ರಂಥದ ಮೃಗದ ಸಂಖ್ಯೆ 666. ಮೃಗಕ್ಕೆ ಕೊಟ್ಟ ಅವಧಿ 42 ತಿಂಗಳು. ಇವೆರಡೂ ಒಂದೇ ಕಾಲವೆಂದು ಭಾವಿಸಿದರೆ ಪ್ರವಾದನೆಯ ಒಂದು ತಿಂಗಳು ನಮ್ಮ 16 ವರ್ಷಗಳಿಗೆ ತುಸು ಕಡಿಮೆಯಾಗುತ್ತದೆ. ಹೀಗೆ ಒಂದೊಂದು ಅವಧಿಯನ್ನೂ ಅಳೆಯುತ್ತ, ಅರಣ್ಯದಲ್ಲಿ ಅಡಗಿದ ಸ್ತ್ರೀಯ ಕಾಲವು 777 ವರ್ಷಗಳೂ ಮತ್ತೊಂದು ವರ್ಷದ ಒಂಬತ್ತರಲ್ಲಿ ಏಳು ಭಾಗವೂ ಎಂದು ಕಂಡುಹಿಡಿದನು. 1058ರಿಂದ ಎಣಿಸಿದರೆ ಅದು ಮುಗಿಯುವುದು 1836ರಲ್ಲಿ. ಆ ವರ್ಷದ ಜೂನ್ 18ರಂದು ಮೃಗವು ನಾಶವಾಗಿ ಸಹಸ್ರವರ್ಷಗಳ ಧರ್ಮರಾಜ್ಯವು ಮೊದಲಾಗುವುದೆಂಬುದು ಸಿದ್ಧಾಂತ.

ದಿನವನ್ನು ಯಾರೂ ಅರಿಯರೆಂಬ ವಚನಕ್ಕೆ ಆತನು ಹೇಳಿದ ಸಮಾಧಾನ ವೈಯಾಕರಣರಿಗೆ ರುಚಿಸತಕ್ಕದ್ದು. ಅಲ್ಲಿ ಕ್ರಿಯಾಪದವು ವರ್ತಮಾನಕಾಲದಲ್ಲಿದೆ. ಅಂದು ಯಾರೂ ಅರಿಯರೆಂದಿತೇ ಹೊರತು ಮುಂದೆಂದೂ ಅರಿಯಲಾರರೆಂದು ಹೇಳಲಿಲ್ಲ. ನಮ್ಮ ಪರಿಭಾಷೆಯಲ್ಲಿ ಲಟ್ಟಿನ ಪ್ರಯೋಗವಿದೆ, ಲೃಟ್ಟಿಲ್ಲ. ಚಮತ್ಕಾರವೇನೋ ಉಂಟು, ಆದರೆ ವಚನದ ತಾತ್ಪರ್ಯವನ್ನು ಲಕಾರವೊಂದರ ಮೇಲೆ ನಿಲ್ಲಿಸುವುದು ಸಾಹಸವೆಂದೇ ನನ್ನ ಅಭಿಪ್ರಾಯ. ಮೀಮಾಂಸಕನಾದರೆ ಉಪಕ್ರಮೋಪಸಂಹಾರಗಳನ್ನು ನೋಡೆನ್ನುತ್ತಿದ್ದನು. ಆ ಪ್ರಕರಣವೆಲ್ಲವೂ ಎಚ್ಚರದಿಂದಿರಿ ಎಂಬುದರಲ್ಲಿ ಪರ್ಯವಸಾನವಾಗುತ್ತದೆ, ಎಣಿಸಿರಿ ಎಂಬುದರಲ್ಲಲ್ಲ.

ಆದರೂ ಬೆಂಗೆಲನು ಡಾಂಭಿಕನಲ್ಲ. ವಿಶೇಷವಾದ ಬದಲಾವಣೆಯಿಲ್ಲದೆ 1836 ಕಳೆದುಹೋದಲ್ಲಿ ತನ್ನ ಪದ್ಧತಿಯಲ್ಲಿ ಮುಖ್ಯವಾದ ದೋಷವೊಂದಿದೆಯೆಂದು ತಿಳಿದು ಅದನ್ನು ಹುಡುಕಬೇಕೆಂದು ತಾನೇ ಬರೆದಿಟ್ಟನು. ಜೋತಿಷ್ಯ ಹೇಳುವವರಲ್ಲಿ ಈ ಗುಣವನ್ನು ನಾನು ಕಂಡುದು ಕಡಿಮೆ. ಮರಣದ ವಿಷಯದಲ್ಲಿಯೂ ಆಡಂಬರವನ್ನು ಬಯಸದೆ, ಕೆಲಸದ ನಡುವೆ ಬಾಗಿಲಿಗೆ ಕರೆ ಬಂದವನಂತೆ ಎದ್ದು ಹೋಗಬೇಕೆಂದು ಆಶಿಸಿದನು. 1752ರ ನವೆಂಬರಿನಲ್ಲಿ ಕಾಲವಾದನು.

ಗುರುವಿನ ಷರತ್ತು ಹಿಂದುಳಿದು ಗುರುವಿನ ಅಂಕೆ ಮಾತ್ರ ಊರೂರಿಗೆ ಹರಡಿತು. ಫಿಲಿಪ್ ಮತ್ತೇಯುಸ್ ಹಾನ್ ಎಂಬ ಪಾದ್ರಿಯು, ಯಂತ್ರಶಿಲ್ಪದಲ್ಲಿ ಅದ್ಭುತ ನಿಪುಣನು, ಗ್ರಹಗತಿಯ ಗಡಿಯಾರಗಳನ್ನು ನಿರ್ಮಿಸುವಾಗ ಬೆಂಗೆಲನ ಗಣನೆಯಂತೆ ಲೋಕದ ಆಯುಸ್ಸನ್ನೂ ಅವುಗಳಲ್ಲಿ ಗುರುತಿಸಿದನು. 1791ರ ಹೊಸ ಕೀರ್ತನಪುಸ್ತಕ, 1809ರ ಹೊಸ ಆರಾಧನಾಕ್ರಮ ಇವು ಹಳೆಯ ಭಕ್ತರಿಗೆ ಮತಲೋಪವಾಗಿ ಕಂಡುವು; ನೆಪೋಲಿಯನ್ನನೇ ಕ್ರಿಸ್ತವಿರೋಧಿಯೆಂದರು. ಇದರ ಮೇಲೆ, 1815ರಲ್ಲಿ ತಂಬೋರಾ ಜ್ವಾಲಾಮುಖಿಯು ಸಿಡಿದುದರ ಫಲವಾಗಿ 1816ರಲ್ಲಿ ಬೇಸಗೆಯೇ ಬಾರದೆ ಕ್ಷಾಮವೊದಗಿತು. ಕಡೆಯ ಸಂಕಟದಲ್ಲಿ ಆಶ್ರಯವು ಪೂರ್ವದಿಕ್ಕಿನಲ್ಲಿ ದೊರೆಯುವುದೆಂಬ ನಂಬಿಕೆಯಿಂದ 1817ರಲ್ಲಿ ಸಾವಿರಾರು ಜನರು ಉಲ್ಮಿನಿಂದ ಡ್ಯಾನ್ಯೂಬ್ ನದಿಯ ದೋಣಿಗಳಲ್ಲಿ ರಷ್ಯಕ್ಕೆ ಹೊರಟರು. ನದೀಮುಖದ ಬಳಿಯ ಇಸ್ಮಾಯಿಲ್ ಎಂಬಲ್ಲಿ ರೋಗಗಳಿಂದ ಬಹುಮಂದಿ ಸತ್ತರು. ಉಳಿದವರಲ್ಲಿ ಹಲವರು ಕಾಕಸಸ್ ಸೀಮೆಯನ್ನು ಸೇರಿ ಹೆಲೆನೆನ್‌ಡಾರ್ಫ್, ಕಥರೀನೆನ್‌ಫೆಲ್ಡ್ ಮುಂತಾದ ಊರುಗಳನ್ನು ಕಟ್ಟಿ ದ್ರಾಕ್ಷಿಯನ್ನು ಬೆಳೆದರು. ಅವರ ಸಂತತಿಯನ್ನು 1941ರಲ್ಲಿ ಸ್ಟಾಲಿನ್ನನ ಸರಕಾರವು ಮಧ್ಯ ಏಷ್ಯಕ್ಕೂ ಸೈಬೀರಿಯಕ್ಕೂ ಅಟ್ಟಿತು. ಹೊರಡಿರೆಂದು ಬೆಂಗೆಲನು ಯಾರಿಗೂ ಹೇಳಿರಲಿಲ್ಲ. ಆದರೂ ಇಸ್ಮಾಯಿಲಿನ ಗೋರಿಗಳಲ್ಲಿ ಆತನ ಲೆಕ್ಕಕ್ಕೆ ಪಾಲೇ ಇಲ್ಲವೆನ್ನಲು ನನಗೆ ಧೈರ್ಯ ಸಾಲದು.

ಪ್ರಜೆಗಳು ಹೀಗೆ ದೇಶ ಬಿಡುವುದನ್ನು ಕಂಡ ದೊರೆ ಒಂದನೆಯ ವಿಲ್ಹೆಲ್ಮನು, ಲಿಯೋನ್‌ಬರ್ಗಿನ ಅಧಿಕಾರಿ ಗಾಟ್ಲೀಬ್ ವಿಲ್ಹೆಲ್ಮ್ ಹಾಫ್‌ಮನ್ನನ ವಿಜ್ಞಾಪನೆಯಂತೆ, ಭಕ್ತರು ತಮ್ಮ ಕ್ರಮದಲ್ಲಿಯೇ ಬಾಳಲು 1819ರಲ್ಲಿ ಕಾರ್ನ್‌ಟಾಲ್ ಗ್ರಾಮವನ್ನು ಸ್ಥಾಪಿಸಗೊಟ್ಟನು. ಇವರೂ ಲೋಕಾಂತ್ಯವನ್ನು ನಿರೀಕ್ಷಿಸುವವರೇ. ಆದರೆ ನಿರೀಕ್ಷಿಸುತ್ತಲೇ ಶಾಲೆಗಳನ್ನೂ ಅನಾಥಾಲಯವನ್ನೂ ತೆರೆದರು. 1824ರಲ್ಲಿ ಇವರಲ್ಲಿ ಕೆಲವರು ಜೌಗುನೆಲವೊಂದಕ್ಕೆ ಹೋಗಿ ಕಾಲುವೆ ತೋಡಿ ವಿಲ್ಹೆಲ್ಮ್ಸ್‌ಡಾರ್ಫ್ ಎಂಬ ಊರನ್ನೆಬ್ಬಿಸಿದರು. ಹನ್ನೆರಡು ವರ್ಷಗಳಲ್ಲಿ ಯುಗವೇ ಮುಗಿಯುವುದೆಂದು ನಂಬಿದವರು ಕೆಸರನ್ನು ಹೊಲಮಾಡಲು ನಿಂತುದು ವಿಚಾರಾರ್ಹವಾದ ಸಂಗತಿ.

1836ರ ಜೂನ್ 18 ಬಂದಿತು, ಹೋಯಿತು. ಆಕಾಶದಲ್ಲಿ ಯಾವ ಚಿಹ್ನೆಯೂ ತೋರಲಿಲ್ಲ. ಕಾರ್ನ್‌ಟಾಲ್ ಬರಿದಾಗಲಿಲ್ಲ, ಆ ಜನರ ಕಾಣಿಕೆಗಳಿಂದಲೂ ಮಕ್ಕಳಿಂದಲೂ ಪೋಷಿತವಾಗಿದ್ದ ಬಾಸೆಲ್ ಮಿಷನ್ನಿನ ಕೆಲಸವೂ ನಿಲ್ಲಲಿಲ್ಲ. ಹಾಫ್‌ಮನ್ನನ ಮಗ ವಿಲ್ಹೆಲ್ಮನೇ 1839ರಿಂದ 1850ರವರೆಗೆ ಆ ಸಂಸ್ಥೆಯ ಮುಖ್ಯಾಧಿಕಾರಿಯಾಗಿದ್ದನು. ವುರ್ಟೆಂಬರ್ಗಿನವನೇ ಆದ ಹೆಬಿಖನು 1834ರಲ್ಲಿಯೇ ಮಂಗಳೂರನ್ನು ಸೇರಿದ್ದನು. ಗಡುವಿನ ಆ 1836ನೆಯ ವರ್ಷದಲ್ಲಿಯೇ ಇಪ್ಪತ್ತೈದು ವಯಸ್ಸಿನ ಮೋಗ್ಲಿಂಗನು ಭಾರತಕ್ಕೆ ಬಂದು ಕನ್ನಡ ಅಕ್ಷರಗಳನ್ನು ತಿದ್ದಲು ಕುಳಿತನು.