ಸರಾಯೆವೊ ನಗರದಲ್ಲಿ ನಾಲ್ಕು ದಿವಸ

ಚರಿತ್ರೆಯನ್ನು ಓದುವವರು ಯುದ್ಧಗಳನ್ನೂ ಸಂಧಿಗಳನ್ನೂ ಗಮನಿಸುವರೇ ಹೊರತು ಅರಮನೆಯ ಒಳಗಣ ಸುಖದುಃಖಗಳ ಕಡೆಗೆ ದೃಷ್ಟಿಯನ್ನಿಡುವುದು ಅಪೂರ್ವ. ಆದರೆ ಕೆಲವು ವೇಳೆ ಒಂದು ದಂಪತಿಯ ಗೃಹವೃತ್ತಾಂತವು ಲೋಕವೃತ್ತಾಂತದೊಡನೆ ಬಿಡಿಸಲಾಗದಂತೆ ಹೆಣೆದುಕೊಂಡಿರುವುದುಂಟು. 1914ನೆಯ ಇಸವಿ ಜೂನ್ ತಿಂಗಳಲ್ಲಿ ಆಸ್ಟ್ರಿಯ-ಹಂಗೇರಿ ಸಾಮ್ರಾಜ್ಯದ ಯುವರಾಜನಾದ ಫ್ರಾನ್ಸ್ ಫರ್ಡಿನೆಂಡನೂ ಆತನ ಪತ್ನಿಯಾದ ಸೋಫಿಯೂ ಬಾಸ್ನಿಯಾ ದೇಶದ ರಾಜಧಾನಿಯಾದ ಸರಾಯೆವೊ ನಗರಕ್ಕೆ ಬಂದುದು ಇಂತಹ ಪ್ರಸಂಗ. ಅವರ ಮರಣದ ಸಂಗತಿಯನ್ನು ಪಾಠಶಾಲೆಯ ಬಾಲಕರೂ ಬಲ್ಲರು. ಅವರು ಅಲ್ಲಿಗೆ ಜೊತೆಯಾಗಿ ಬಂದುದರ ಅರ್ಥವೇನೆಂಬುದನ್ನು ಮಾತ್ರ ಬಲ್ಲವರು ಕಡಮೆ.

ಫ್ರಾನ್ಸ್ ಫರ್ಡಿನೆಂಡನು ವೃದ್ಧ ಚಕ್ರವರ್ತಿ ಫ್ರಾನ್ಸ್ ಜೋಸೆಫನ ತಮ್ಮನ ಮಗನು. ಚಕ್ರವರ್ತಿಯ ಏಕಮಾತ್ರ ಪುತ್ರನು 1889ರಲ್ಲಿಯೂ, ತನ್ನ ತಂದೆಯು 1896ರಲ್ಲಿಯೂ ಗತಿಸಿದುದರಿಂದ ಸಿಂಹಾಸನದ ಹಕ್ಕು ಈತನಿಗೆ ಒದಗಿತು. ಸೋಫಿಯು ಬೊಹೀಮಿಯಾ ದೇಶದ ಚೋಟೆಕ್ ಎಂಬ ಪ್ರಾಚೀನ ಕುಲೀನ ಮನೆತನದವಳು. ಆದರೆ ಒಬ್ಬ ರಾಜಕುಮಾರಿಯ ಪರಿವಾರದಲ್ಲಿ ಸಖಿಯಾಗಿದ್ದವಳು. ಆ ಸಾಮ್ರಾಜ್ಯದಲ್ಲಿ ರಾಜಪುತ್ರನು ಆಳುವ ಅಥವಾ ಹಿಂದೆ ಆಳಿದ ವಂಶದ ಕನ್ಯೆಯನ್ನಲ್ಲದೆ ಬೇರೆಯವಳನ್ನು ವರಿಸಿದರೆ ಅದು ಅಸಮಾನ ವಿವಾಹವೆನಿಸುತ್ತಿತ್ತು. ಕುಲೀನತೆಯಿದ್ದರೆ ಸಾಲದು, ಕಿರೀಟವೂ ಇರಬೇಕೆಂಬುದು ಅಲ್ಲಿಯ ನಿಯಮ.

ಯುವರಾಜನು ಹಟವನ್ನು ಬಿಡಲಿಲ್ಲ. ಚಕ್ರವರ್ತಿಯು ಕಟ್ಟಕಡೆಗೆ ಒಪ್ಪಿದನಾದರೂ ಒಂದು ಕಠಿನವಾದ ಪಣವನ್ನೊಡ್ಡಿದನು. 1900ನೆಯ ಜೂನ್ 28ರಂದು ವಿಯೆನ್ನಾದ ಅರಮನೆಯಲ್ಲಿ ರಾಜವಂಶದವರ ಮತ್ತು ಮಂತ್ರಿಗಳ ಸಮಕ್ಷಮದಲ್ಲಿ ಯುವರಾಜನು, ತನ್ನ ಪತ್ನಿಯು ಎಂದಿಗೂ ಸಾಮ್ರಾಜ್ಞಿಯಾಗತಕ್ಕವಳಲ್ಲವೆಂದೂ ತನ್ನ ಸಂತಾನಕ್ಕೆ ಸಿಂಹಾಸನದ ಹಕ್ಕಿಲ್ಲವೆಂದೂ ಪ್ರತಿಜ್ಞೆಮಾಡಿದನು. ಮೂರು ದಿನಗಳ ತರುವಾಯ, ಜುಲೈ 1ರಂದು, ಬೊಹೀಮಿಯಾದಲ್ಲಿ ವಿವಾಹವು ನೆರವೇರಿತು. ಚಕ್ರವರ್ತಿಯು ಬರಲಿಲ್ಲ, ವರನ ಸಹೋದರರೂ ಬರಲಿಲ್ಲ.

ಅಂದಿನಿಂದ ಹದಿನಾಲ್ಕು ವರ್ಷಗಳ ಕಾಲ ಆಸ್ಥಾನದ ಮರ್ಯಾದಾಶಾಸ್ತ್ರವು ಸೋಫಿಯನ್ನು ಹೆಜ್ಜೆಹೆಜ್ಜೆಗೂ ಹಿಂದಕ್ಕೆ ನೂಕುತ್ತಿತ್ತು. ಅರಮನೆಯ ಮೆರವಣಿಗೆಗಳಲ್ಲಿ ಯುವರಾಜನು ಮುಂದೆ ನಡೆಯುತ್ತಿದ್ದರೆ, ಆತನ ಧರ್ಮಪತ್ನಿಯು ಎಳೆಯ ರಾಜಕುಮಾರಿಯರಿಗಿಂತಲೂ ಹಿಂದೆ ನಡೆಯಬೇಕಾಗಿದ್ದಿತು. ನಾಟಕಶಾಲೆಯ ರಾಜಪೀಠದಲ್ಲಿ ಗಂಡನ ಪಕ್ಕದಲ್ಲಿ ಆಕೆಗೆ ಸ್ಥಳವಿಲ್ಲ, ರಾಜರಥದಲ್ಲಿಯೂ ಇಲ್ಲ. 1909ರಲ್ಲಿ ಹೋಹೆನ್‌ಬರ್ಗಿನ ಡಚೆಸ್ ಎಂಬ ಬಿರುದು ದೊರೆತರೂ ಈ ಭೇದವು ಅಳಿಯಲಿಲ್ಲ. ಮನೆಯೊಳಗೆ ಮಾತ್ರ ಅವರ ದಾಂಪತ್ಯವು ಅನ್ಯೋನ್ಯವಾಗಿದ್ದಿತು. ಒಬ್ಬ ಮಗಳು, ಇಬ್ಬರು ಗಂಡುಮಕ್ಕಳು. ಹೊರಗೆ ಮುಂಗೋಪಿಯೆಂದು ಹೆಸರಾದ ಯುವರಾಜನು ಮಕ್ಕಳ ನಡುವೆ ಮಗುವಾಗಿರುತ್ತಿದ್ದನು.

ಬಾಸ್ನಿಯಾ ದೇಶವು ನಾಲ್ಕು ಶತಮಾನಗಳ ಕಾಲ ತುರ್ಕರ ಆಳಿಕೆಯಲ್ಲಿದ್ದು, 1878ರ ಬರ್ಲಿನ್ ಸಮ್ಮೇಳನದ ನಿರ್ಣಯದಂತೆ ಆಸ್ಟ್ರಿಯದ ವಶಕ್ಕೆ ಬಂದಿತು. 1908ರಲ್ಲಿ ಆಸ್ಟ್ರಿಯವು ಅದನ್ನು ಸಾಮ್ರಾಜ್ಯಕ್ಕೆ ಸೇರಿಸಿಕೊಂಡಿತು. ಅದರಿಂದ ನೆರೆಯ ಸರ್ಬಿಯಾದವರೂ ಬಾಸ್ನಿಯಾದ ಸರ್ಬರೂ ಕುದಿಯುತ್ತಿದ್ದರು. ಮಿಲ್ಯಾಟ್ಸ್ಕಾ ಎಂಬ ಕಿರಿಯ ನದಿಯ ಎರಡು ದಡಗಳಲ್ಲಿಯೂ, ಬೆಟ್ಟಗಳ ನಡುವಣ ಕಣಿವೆಯಲ್ಲಿ ಹಬ್ಬಿರುವ ಸರಾಯೆವೊ ನಗರದಲ್ಲಿ ಹದಿನಾರನೆಯ ಶತಮಾನದ ಮಸೀದಿಯೂ, ಸರ್ಬರ ಹಾಗೂ ಕ್ಯಾಥೊಲಿಕರ ಇಗರ್ಜಿಗಳೂ, ಯೆಹೂದ್ಯರ ದೇವಾಲಯಗಳೂ ಒಂದಕ್ಕೊಂದು ಸಮೀಪದಲ್ಲಿದ್ದುವು. ಯುವರಾಜನು ಸೈನ್ಯದ ಮುಖ್ಯ ಪರೀಕ್ಷಕನಾದುದರಿಂದ ಅಲ್ಲಿಯ ಕವಾಯತನ್ನು ನೋಡಲು ಗವರ್ನರ್ ಪೊಟಿಯೊರೆಕ್ಕನು ಆತನನ್ನು ಆಹ್ವಾನಿಸಿದನು. ಇದು ಸೈನಿಕ ಕಾರ್ಯದ ಪ್ರವಾಸ. ಆದಕಾರಣ ವಿಯೆನ್ನಾದ ಮರ್ಯಾದಾಶಾಸ್ತ್ರದ ಬಿಗಿಯು ಇಲ್ಲಿ ಸಡಿಲವಾಗಿದ್ದಿತು. ಪತ್ನಿಯು ಎಲ್ಲರೆದುರಿಗೆ ಪತಿಯ ಪಕ್ಕದಲ್ಲಿ ಕುಳಿತು ಬರಬಹುದಾಗಿದ್ದಿತು.

ಯುವರಾಜನು ಸಮುದ್ರಮಾರ್ಗವಾಗಿಯೂ ಸೋಫಿಯು ರೈಲಿನಲ್ಲಿಯೂ ಹೊರಟು, ಜೂನ್ 25ರಂದು ನಗರದ ಹೊರವಲಯದಲ್ಲಿರುವ ಇಲಿಜಾ ಎಂಬ ಬಿಸಿನೀರಿನ ಬುಗ್ಗೆಗಳ ಊರನ್ನು ಸೇರಿದರು. ಆ ಸಂಜೆಯೇ ಇಬ್ಬರೂ ಸರಾಯೆವೊ ಪೇಟೆಗೆ ಹೋಗಿ ರತ್ನಗಂಬಳಿಗಳ ಅಂಗಡಿಗಳನ್ನು ನೋಡಿದರು. ಜನರು ಗುಂಪುಗೂಡಿ ಜಯಘೋಷ ಮಾಡಿದರು. ಮರುದಿನಗಳೆರಡರಲ್ಲಿ ಯುವರಾಜನು ಬೆಟ್ಟಗಳಲ್ಲಿ ಸೈನ್ಯವನ್ನು ನೋಡುತ್ತಿರಲು, ಸೋಫಿಯು ನಗರದ ಶಾಲೆಗಳನ್ನೂ ದೇವಾಲಯಗಳನ್ನೂ ಸಂದರ್ಶಿಸಿದಳು. ಈ ಪ್ರವಾಸವು ಅಪಾಯಕರವೆಂದು ಮೊದಲೇ ಎಚ್ಚರಿಸಿದ್ದ ಅಲ್ಲಿಯ ಮುಖಂಡರೊಬ್ಬರಿಗೆ ಆಕೆಯು ಜೂನ್ 27ರ ರಾತ್ರಿಯ ಔತಣದಲ್ಲಿ, ಜನರು ತಮ್ಮನ್ನು ಇಷ್ಟು ವಿಶ್ವಾಸದಿಂದ ಕಂಡಿರುವಾಗ ಅವರ ಭಯವು ತಪ್ಪಾಯಿತೆಂದು ಹೇಳಿದಳಂತೆ.

ಮರುದಿನ ಭಾನುವಾರ, ಜೂನ್ 28. ಪ್ರತಿಜ್ಞೆಮಾಡಿ ಸರಿಯಾಗಿ ಹದಿನಾಲ್ಕು ವರ್ಷ. ಸರ್ಬರಿಗೆ ಅದು 1389ರ ಕೊಸೊವೊ ಯುದ್ಧದ ಸ್ಮರಣದಿನವೂ ಹೌದು. 1910ರಲ್ಲಿ ಚಕ್ರವರ್ತಿಯು ಬಂದಾಗ ಬೀದಿಯ ಇಕ್ಕೆಲಗಳಲ್ಲಿಯೂ ಸೈನಿಕರನ್ನು ನಿಲ್ಲಿಸಿದ್ದರು. ಈಗ ಸಾವಿರಾರು ಸೈನಿಕರು ಸಮೀಪದಲ್ಲಿಯೇ ಇದ್ದರೂ ಬೀದಿಯ ಕಾವಲು ಕೆಲವೇ ಪೊಲೀಸರ ಪಾಲಿಗೆ ಬಿಟ್ಟಿದ್ದಿತು. ನದಿಯ ದಡದ ದಾರಿಯಲ್ಲಿ ಆರು ಮಂದಿ ಒಳಸಂಚಿನವರು ಬಾಂಬುಗಳನ್ನೂ ಪಿಸ್ತೂಲುಗಳನ್ನೂ ಬಚ್ಚಿಟ್ಟುಕೊಂಡು ಕಾದಿದ್ದರು. ಅವರಲ್ಲಿ ಹೆಚ್ಚಿನವರು ಮೀಸೆ ಮೂಡುವ ವಯಸ್ಸಿನವರು.

ಹತ್ತು ಗಂಟೆ ಕಳೆದ ಸ್ವಲ್ಪ ಹೊತ್ತಿಗೆ ಚಾಬ್ರಿನೊವಿಚ್ ಎಂಬವನು ಬಾಂಬನ್ನೆಸೆದನು. ಅದು ಮೋಟಾರಿನ ಹಿಂದೆ ಮಡಿಸಿದ್ದ ಮುಸುಕಿಗೆ ತಗಲಿ ಪುಟಿದು ಹಿಂದಿನ ಮೋಟಾರಿನ ಬಳಿ ಸಿಡಿಯಿತು, ಹಲವರು ಗಾಯಗೊಂಡರು. ದಂಪತಿಗಳು ಪುರಭವನವನ್ನು ಸೇರಿದರು. ನಗರಾಧ್ಯಕ್ಷನು ಮೊದಲೇ ಬರೆದಿಟ್ಟಿದ್ದ ಸ್ವಾಗತಭಾಷಣವನ್ನು ಒಂದಕ್ಷರವೂ ಬದಲಿಸದೆ ಆರಂಭಿಸಲು, ಯುವರಾಜನು ಕೋಪದಿಂದ ತಡೆದು, ಅತಿಥಿಯಾಗಿ ಬಂದವನಿಗೆ ಬಾಂಬಿನ ಸ್ವಾಗತವೇ ಎಂದು ಕೇಳಿದನು. ಸೋಫಿಯು ಕಿವಿಯಲ್ಲಿ ಏನನ್ನೋ ಹೇಳಿದಳು. ಆತನು ಶಾಂತನಾಗಿ ಭಾಷಣವನ್ನು ಮುಂದುವರಿಸಗೊಟ್ಟನು.

ಬಳಿಕ ಯುವರಾಜನು ಗಾಯಗೊಂಡ ಅಧಿಕಾರಿಯನ್ನು ಆಸ್ಪತ್ರೆಯಲ್ಲಿ ನೋಡಿಯೇ ಹೋಗುವೆನೆಂದನು. ಸೋಫಿಯು ಬೇರೆ ದಾರಿಯಿಂದ ಸುರಕ್ಷಿತಳಾಗಿ ಹೋಗಬಹುದಾಗಿದ್ದಿತು. ಪತಿಯನ್ನು ಬಿಟ್ಟು ಹೋಗಲು ಒಪ್ಪಲಿಲ್ಲ. ಪೇಟೆಯ ಇಕ್ಕಟ್ಟಿನ ಬೀದಿಯನ್ನು ಬಿಟ್ಟು ನದಿಯ ದಡದಲ್ಲಿ ನೇರವಾಗಿ ಹೋಗಬೇಕೆಂದು ನಿಶ್ಚಯವಾಯಿತು. ಆದರೆ ಈ ಮಾತು ಮೋಟಾರು ನಡೆಸುವವರ ಕಿವಿಯನ್ನು ಮುಟ್ಟಲಿಲ್ಲ. ಲ್ಯಾಟಿನ್ ಸೇತುವೆಯ ಎದುರಿಗೆ ಮೋಟಾರು ಬಲಕ್ಕೆ ತಿರುಗಿತು, ಗವರ್ನರನು ದಾರಿ ತಪ್ಪಿತೆಂದು ಕೂಗಿದನು, ಮೋಟಾರು ನಿಂತಿತು. ನಿಂತ ಸ್ಥಳದಲ್ಲಿಯೇ ಹತ್ತೊಂಬತ್ತು ವರ್ಷದ ಗವ್ರೀಲೊ ಪ್ರಿನ್ಸಿಪನು ನಿಂತಿದ್ದನು. ಎರಡು ಗುಂಡುಗಳು ಹಾರಿದುವು. ಒಂದು ಯುವರಾಜನ ಕಂಠಕ್ಕೂ ಮತ್ತೊಂದು ಸೋಫಿಯ ಉದರಕ್ಕೂ ತಗಲಿತು. ಮಕ್ಕಳಿಗಾಗಿ ಬದುಕಿರೆಂದು ಯುವರಾಜನು ಪತ್ನಿಯನ್ನು ಬೇಡಿಕೊಂಡನೆಂದು, ಮೋಟಾರಿನ ಪಕ್ಕದ ಮೆಟ್ಟಿಲ ಮೇಲೆ ನಿಂತಿದ್ದ ಪರಿಚಾರಕನು ಹೇಳಿದನು. ಹನ್ನೊಂದು ಗಂಟೆಯ ಸುಮಾರಿಗೆ ಇಬ್ಬರೂ ತೀರಿಕೊಂಡಿದ್ದರು. ಪತಿಯೊಡನೆ ಉದ್ಯಾನದಲ್ಲಿ ವಿಹರಿಸುತ್ತಿದ್ದ ಇಂದುಮತಿಯು ಆಕಾಶದಿಂದ ಬಿದ್ದ ಹೂಮಾಲೆಯಿಂದ ಮಡಿದಳೆಂದು ಪುರಾತನರು ಹೇಳುವರು. ಅಲ್ಲಿ ಅಜಮಹಾರಾಜನಿಗೆ ವಿಲಾಪಕ್ಕಾದರೂ ಆಯುಸ್ಸಿದ್ದಿತು. ಇಲ್ಲಿ ಅದೂ ಇಲ್ಲ.

ಶವಗಳು ವಿಯೆನ್ನಾವನ್ನು ಸೇರಿದಾಗ ಮರ್ಯಾದಾಶಾಸ್ತ್ರವು ಪುನಃ ಎಚ್ಚತ್ತಿತು. ಅರಮನೆಯ ದೇವಾಲಯದಲ್ಲಿ ಸೋಫಿಯ ಶವಪೆಟ್ಟಿಗೆಯನ್ನು ಪತಿಯ ಪೆಟ್ಟಿಗೆಗಿಂತ ತಗ್ಗಾದ ಪೀಠದ ಮೇಲೆ ಇಟ್ಟರು. ಆತನ ಪೆಟ್ಟಿಗೆಯ ಬಳಿ ಕಿರೀಟ, ಖಡ್ಗ, ಪದಕಗಳು. ಆಕೆಯದರ ಬಳಿ ಒಂದು ಜೊತೆ ಕೈಚೀಲವೂ ಬೀಸಣಿಗೆಯೂ. ಅವು ಸಖಿಯಾದವಳ ಚಿಹ್ನೆಗಳು. ರಾಜವಂಶದ ಸಮಾಧಿಮಂದಿರದಲ್ಲಿ ತನ್ನ ಪತ್ನಿಗೆ ಸ್ಥಳ ದೊರೆಯದೆಂದು ತಿಳಿದಿದ್ದ ಯುವರಾಜನು ಆರ್ಟ್‌ಸ್ಟೆಟ್ಟೆನ್ ಎಂಬ ತನ್ನ ಮನೆಯಲ್ಲಿ ಮೊದಲೇ ಸಮಾಧಿಯನ್ನು ಕಟ್ಟಿಸಿಟ್ಟಿದ್ದನು. ಅಲ್ಲಿ ಇಬ್ಬರೂ ಸರಿಸಮನಾಗಿ ಮಲಗಿರುವರು.

ಒಬ್ಬ ಸಾರಥಿಯು ದಾರಿತಪ್ಪಿದುದರಿಂದಲೇ ಮಹಾಯುದ್ಧವು ಹುಟ್ಟಿತೆಂಬುದು ಬಾಲಿಶವಾದ ಮಾತು. ರಾಷ್ಟ್ರಗಳ ಕೂಟಗಳೂ, ಶಸ್ತ್ರಸಂಗ್ರಹವೂ, ಪರಸ್ಪರ ಭಯವೂ ಸೌದೆಯನ್ನು ಒಟ್ಟಿದ್ದುವು. ಸರಾಯೆವೊ ಕಿಡಿಯನ್ನು ಒದಗಿಸಿತು. ಜುಲೈ 28ರಂದು ಆಸ್ಟ್ರಿಯವು ಸರ್ಬಿಯಾದ ಮೇಲೆ ಯುದ್ಧವನ್ನು ಸಾರಿತು. ಆ ಅಗ್ನಿಯ ಜ್ವಾಲೆಯು ಕನ್ನಡನಾಡಿನವರೆಗೂ ಚಾಚಿತು: 1918ನೆಯ ಸೆಪ್ಟೆಂಬರ್ 23ರಂದು ದೂರದ ಹೈಫಾ ನಗರವನ್ನು ಹಿಡಿದ ಕಾಳಗದಲ್ಲಿ ಮೈಸೂರು ಸಂಸ್ಥಾನದ ಕುದುರೆ ಸವಾರರು ಭರ್ಜಿಗಳನ್ನು ಹಿಡಿದು ಮುನ್ನುಗ್ಗಿದರು. ಅದೇ ವರ್ಷ ಏಪ್ರಿಲಿನಲ್ಲಿ ಪ್ರಿನ್ಸಿಪನು ಸೆರೆಮನೆಯಲ್ಲಿ ಕ್ಷಯರೋಗದಿಂದ ಸತ್ತನು; ನವೆಂಬರಿನ ಹೊತ್ತಿಗೆ ಆ ಸಾಮ್ರಾಜ್ಯವೇ ಅಳಿಯಿತು. ವರ್ಸೇಲ್ಸ್ ಸಂಧಿಗೆ ರುಜು ಬಿದ್ದುದು 1919ನೆಯ ಜೂನ್ 28ರಂದು. ದಂಪತಿಗಳು ಕಟ್ಟಕಡೆಗೆ ಇಳಿದುಬಂದ ಆ ಪುರಭವನವು 1992ರ ಮುತ್ತಿಗೆಯಲ್ಲಿ ಗ್ರಂಥರಾಶಿಯೊಡನೆ ಉರಿದು, 2014ರಲ್ಲಿ ಪುನಃ ತೆರೆಯಲ್ಪಟ್ಟಿತು.

ಯಾರು ಯಾರ ಹಿಂದೆ ನಡೆಯಬೇಕು, ಯಾರ ಪೆಟ್ಟಿಗೆ ಎಷ್ಟು ತಗ್ಗಿರಬೇಕು ಎಂಬ ವಿಷಯದಲ್ಲಿ ಆ ಆಸ್ಥಾನವು ಒಂದು ಸಲವೂ ಎಚ್ಚರ ತಪ್ಪಲಿಲ್ಲ. ದಾರಿ ಬದಲಾಯಿತೆಂದು ಸಾರಥಿಗೆ ಹೇಳುವುದನ್ನು ಮಾತ್ರ ಎಲ್ಲರೂ ಮರೆತರು. ಹದಿನಾಲ್ಕು ವರ್ಷ ಪತಿಯ ಪಕ್ಕದ ಸ್ಥಾನವನ್ನು ನಿರಾಕರಿಸಲ್ಪಟ್ಟ ಒಬ್ಬ ಸ್ತ್ರೀಗೆ ಅದು ನಾಲ್ಕು ದಿವಸ ದೊರೆಯಿತು. ನಾಲ್ಕನೆಯ ದಿನ ಆಕೆಯು ಅದನ್ನು ಬಿಟ್ಟೇಳಲು ಒಪ್ಪಲಿಲ್ಲ. ಚರಿತ್ರೆಯು ಆಕೆಯ ಹೆಸರನ್ನು ಪತಿಯ ಹೆಸರಿನ ಬಾಲದಂತೆ ಬರೆಯುತ್ತ ಬಂದಿದೆ. ವಾಚಕರಾದರೂ ಆಕೆಯನ್ನು ಆತನ ಪಕ್ಕದಲ್ಲಿ ಕುಳ್ಳಿರಿಸಿ ಸ್ಮರಿಸುವುದು ನ್ಯಾಯ.