ಪೇಪರಿನವರು ಹಾಕಲ್ಲ ಅಂದ ಪದ

ಸಸ್ತನಿ. ಹೈಸ್ಕೂಲಿನ ವಿಜ್ಞಾನ ಪರೀಕ್ಷೆಯಲ್ಲಿ ನಾವೆಲ್ಲ ಬರೆದಿರೋ ಪದ. ಹಸು ಸಸ್ತನಿ, ತಿಮಿಂಗಿಲ ಸಸ್ತನಿ. ಆ ಪದದೊಳಗೇ 'ಸ್ತನ' ಕೂತಿದೆ. ಆದರೆ ಅದನ್ನ ಬಿಡಿಸಿ ಹೇಳಬೇಕಾದಾಗ ಮಾತ್ರ ನಮ್ಮ ದನಿ ಇಳಿಯುತ್ತೆ. 'ಎದೆ' ಅಂತೀವಿ, 'ಅಲ್ಲಿ' ಅಂತೀವಿ. ಹೀಗೆ ಪದ ನುಂಗೋದಕ್ಕೂ ಒಂದು ಚರಿತ್ರೆ ಇದೆ ಕಣ್ರೇ. ಸ್ವಲ್ಪ ಉದ್ದ ಇದೆ, ಓದಿ.

1/6
1950ರ ದಶಕದ ಶುರು, ಅಮೆರಿಕ. ಫ್ಯಾನಿ ರೋಸೆನೋ ಸ್ತನ ಕ್ಯಾನ್ಸರ್‌ನಿಂದ ಚೇತರಿಸಿಕೊಂಡವರು. ತನ್ನಂಥ ಹೆಂಗಸರು ಸೇರಿ ಮಾತಾಡೋಕೆ ಒಂದು ಗುಂಪು ಬೇಕು ಅಂತ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ ಫೋನ್ ಮಾಡಿ ಜಾಹೀರಾತು ಹಾಕಿ ಅಂದರು. 'ಸ್ತನ' ಅನ್ನೋ ಪದಾನೂ ಹಾಕಲ್ಲ, 'ಕ್ಯಾನ್ಸರ್' ಅನ್ನೋ ಪದಾನೂ ಹಾಕಲ್ಲ ಅಂತ ಉತ್ತರ ಬಂತಂತೆ. ಬೇಕಾದ್ರೆ ಎದೆಗೂಡಿನ ಕಾಯಿಲೆ ಅಂತ ಹಾಕಬಹುದು ಅಂದರಂತೆ. ಬೇಸತ್ತು ಅವರು ಫೋನ್ ಇಟ್ಟುಬಿಟ್ಟರು. ಹೆಸರೇ ಇಲ್ಲದ ಕಾಯಿಲೆಗೆ ಜನರನ್ನ ಸೇರಿಸೋದು ಹೇಗೆ ಹೇಳಿ?

2/6
1974ರ ಸೆಪ್ಟೆಂಬರ್. ಜೆರಾಲ್ಡ್ ಫೋರ್ಡ್ ಅಮೆರಿಕದ ಅಧ್ಯಕ್ಷರಾಗಿ ಎರಡು ತಿಂಗಳೂ ಆಗಿರಲಿಲ್ಲ. ಅವರ ಹೆಂಡತಿ ಬೆಟ್ಟಿ ಫೋರ್ಡ್ ಅವರಿಗೆ ಸ್ತನ ಕ್ಯಾನ್ಸರ್ ಅಂತ ಗೊತ್ತಾಗಿ, 28ನೇ ತಾರೀಖು ಶಸ್ತ್ರಚಿಕಿತ್ಸೆ ಆಯ್ತು. ಅವರು ಮುಚ್ಚಿಡಲಿಲ್ಲ. ಯಾವ ಕಾಯಿಲೆ, ಯಾವ ಆಪರೇಷನ್ ಎಲ್ಲಾ ಸುದ್ದಿಯಾಯ್ತು. ದೇಶದ ತುಂಬ ಹೆಂಗಸರು ತಪಾಸಣೆಗೆ ಹೊರಟರು. ಮುಂದೆ ಉಪಾಧ್ಯಕ್ಷರಾಗಲಿದ್ದ ರಾಕ್‌ಫೆಲ್ಲರ್ ಅವರ ಹೆಂಡತಿ ಹ್ಯಾಪಿ ಅವರೂ ಗಂಟು ಕಂಡು, ಮುಂದಿನ ತಿಂಗಳೇ ಆಪರೇಷನ್ ಮಾಡಿಸಿಕೊಂಡರು. ಆ ಸಮಯದಲ್ಲಿ ಪತ್ತೆಯಾದ ಕೇಸುಗಳ ಲೆಕ್ಕ ಜಿಗಿಯಿತು. ಕಾಯಿಲೆ ಹೆಚ್ಚಾಗಿದ್ದಲ್ಲ, ಅಡಗಿದ್ದದ್ದು ಹೊರಗೆ ಬಂತು.

3/6
ಪದ ಬಾಯಿಗೆ ಬಂತು ಸರಿ, ಆದರೆ ಹೆಂಗಸರಿಗೆ ಏನು ಕಲಿಸಬೇಕು? ಹಲವು ದಶಕ ಇದ್ದ ಉತ್ತರ ಒಂದೇ: ತಿಂಗಳಿಗೊಮ್ಮೆ, ಕ್ರಮ ತಪ್ಪದೆ ನೀವೇ ಪರೀಕ್ಷೆ ಮಾಡ್ಕೊಳ್ಳಿ. ಇದನ್ನ ಚೀನಾದ ಶಾಂಘೈನಲ್ಲಿ ಪರೀಕ್ಷೆಗೆ ಹಚ್ಚಿದರು. 1989ರಿಂದ, ಬಟ್ಟೆ ಗಿರಣಿಗಳ ಸುಮಾರು 2.66 ಲಕ್ಷ ಹೆಂಗಸರು. ಅರ್ಧ ಜನರಿಗೆ ಚೆನ್ನಾಗಿ ಕಲಿಸಿದರು, ಮತ್ತೆ ಮತ್ತೆ ನೆನಪಿಸಿದರು. ಉಳಿದವರಿಗೆ ಕಲಿಸಲಿಲ್ಲ. 2002ರಲ್ಲಿ ಪ್ರಕಟವಾದ ಫಲಿತಾಂಶ: ಸ್ತನ ಕ್ಯಾನ್ಸರ್‌ನಿಂದ ಸತ್ತವರ ಸಂಖ್ಯೆ ಎರಡೂ ಕಡೆ ಹೆಚ್ಚುಕಡಿಮೆ ಸಮ. ಕಲಿತವರಲ್ಲಿ ಅಪಾಯವಿಲ್ಲದ ಗಂಟುಗಳು ಜಾಸ್ತಿ ಸಿಕ್ಕವು, ಅಷ್ಟೇ.

ಹಾಗಾದ್ರೆ ಮುಟ್ಟಿ ನೋಡೋದೇ ಬೇಡ್ವಾ? ಹಾಗಲ್ಲ. ಕ್ಯಾಲೆಂಡರ್ ಹಿಡಿದು ಹೆದರ್ತಾ ಹುಡುಕೋ ವ್ರತ ಬೇಕಿಲ್ಲ. ನಿಮಗೆ ಮಾಮೂಲು ಯಾವುದು ಅಂತ ಗೊತ್ತಿರಲಿ, ಬದಲಾದರೆ ತಡ ಮಾಡದೆ ತೋರಿಸಿ ಅನ್ನೋದು ಈಗಿನ ಮಾತು.

4/6
ಈಗ ನಮ್ಮ ದೇಶಕ್ಕೆ ಬನ್ನಿ. 1998ರಲ್ಲಿ ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಇನ್ನೊಂದು ದಾರಿ ಹಿಡಿದರು. 35ರಿಂದ 64 ವಯಸ್ಸಿನ ಸುಮಾರು 1.5 ಲಕ್ಷ ಹೆಂಗಸರು. ಅರ್ಧ ಜನರನ್ನ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ, ಒಟ್ಟು ನಾಲ್ಕು ಸಲ, ಕೈಯಿಂದಲೇ ಪರೀಕ್ಷಿಸಿದರು. ಮ್ಯಾಮೊಗ್ರಾಂ ಯಂತ್ರ ಇಲ್ಲ. 2021ರಲ್ಲಿ 20 ವರ್ಷದ ಲೆಕ್ಕ ಬಂತು: ಕಾಯಿಲೆ ಇನ್ನೂ ಚಿಕ್ಕದಿದ್ದಾಗಲೇ ಸಿಕ್ಕಿತು. 50 ದಾಟಿದವರಲ್ಲಿ ಸಾವು ಸುಮಾರು ಶೇ. 30ರಷ್ಟು ಇಳಿಯಿತು. ಅದಕ್ಕಿಂತ ಚಿಕ್ಕವರಲ್ಲಿ ಅಂಥ ಇಳಿಕೆ ಕಾಣಲಿಲ್ಲ. ಅಂದ್ರೆ ಈ ಸ್ಲೈಡ್ ನಿಮಗಿಂತ ನಿಮ್ಮ ಅಮ್ಮ, ಅಜ್ಜಿ, ದೊಡ್ಡಮ್ಮನಿಗೆ ಹೆಚ್ಚು ಬೇಕು.

5/6
2017ರ ಜನವರಿ. ಮೊಟ್ಟೆ ಟ್ರೇಯಲ್ಲಿ 12 ನಿಂಬೆಹಣ್ಣು ಇಟ್ಟಿರೋ ಒಂದು ಚಿತ್ರ ಲೋಕವೆಲ್ಲ ಓಡಾಡಿತು. ಮಾಡಿದ್ದು ಕೊರಿನ್ ಎಲ್ಸ್‌ವರ್ತ್ ಬೋಮಾಂಟ್ ಅನ್ನೋ ಡಿಸೈನರ್. ಒಂದರ ಸಿಪ್ಪೆ ಗುಳಿ ಬಿದ್ದಿದೆ, ಒಂದರ ತೊಟ್ಟು ಒಳಗೆ ಹೋಗಿದೆ, ಒಂದು ಕೆಂಪಾಗಿದೆ, ಒಂದರಿಂದ ನೀರು ಒಸರ್ತಾ ಇದೆ. ಗಂಟು ಒಂದೇ ಲಕ್ಷಣ ಅಲ್ಲ ಅಂತ ಒಂದು ನೋಟಕ್ಕೇ ಗೊತ್ತಾಗುತ್ತೆ. ಓದು ಬರದವರಿಗೂ ಅರ್ಥ ಆಗುತ್ತೆ, ಮನೆಯಲ್ಲಿ ಎಲ್ಲರೆದುರು ಫೋನ್ ತೆಗೆದು ತೋರಿಸಿದರೂ ಯಾರೂ ಮುಖ ತಿರುಗಿಸಲ್ಲ.

6/6
ನಾನು ಬಿಕಾಂ, ಡಾಕ್ಟರ್ ಅಲ್ಲ. ಹಾಗಾಗಿ ಗೊತ್ತಿರೋದಷ್ಟೇ ಹೇಳ್ತೀನಿ.

ನಮ್ಮ ವಯಸ್ಸಲ್ಲಿ ಸಿಗೋ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಫೈಬ್ರೊಅಡಿನೋಮ ಅನ್ನೋ ಅಪಾಯವಿಲ್ಲದ ಗಂಟು ಹುಡುಗಿಯರಲ್ಲಿ ಸಾಮಾನ್ಯ. ಮುಟ್ಟಿನ ದಿನ ಹತ್ತಿರ ಬಂದಾಗ ನೋವು, ಬಿಗುವು ಬರೋದೂ ಮಾಮೂಲು. ಒಂದು ಇನ್ನೊಂದಕ್ಕಿಂತ ಸ್ವಲ್ಪ ದೊಡ್ಡದಿರೋದೂ ಮಾಮೂಲೇ. ಆದರೆ ಹೊಸ ಗಂಟು, ಚರ್ಮದಲ್ಲಿ ಗುಳಿ, ತೊಟ್ಟಿನಿಂದ ರಕ್ತ, ಇವು ಕಂಡರೆ ಗೂಗಲ್ ಬೇಡ, ಡಾಕ್ಟರ್ ಹತ್ತಿರ ಹೋಗಿ. ಲೇಡಿ ಡಾಕ್ಟರ್ ಬೇಕು ಅಂತ ಕೇಳಬಹುದು, ಜೊತೆಗೆ ಗೆಳತಿಯನ್ನ ಕರ್ಕೊಂಡು ಹೋಗಬಹುದು.

ಚೀಟಿ ಮಾಡಿಸುವಾಗ 'ಎದೆ ನೋವು' ಅನ್ನಬೇಡಿ, ಇಸಿಜಿಗೆ ಕಳಿಸಿಬಿಡ್ತಾರೆ! 'ಸ್ತನದಲ್ಲಿ ಗಂಟಿದೆ' ಅನ್ನಿ. ಈಗ ಒಂದ್ಸಲ ಜೋರಾಗಿ ಹೇಳಿ ನೋಡಿ. ಆಮೇಲೆ ನಾಲ್ಕನೇ ಸ್ಲೈಡನ್ನ ಅಮ್ಮನಿಗೆ ಕಳಿಸಿ.

#ಸ್ತನಆರೋಗ್ಯ #ಕ್ಯಾಪ್ಷನ್‌ಚರಿತ್ರೆ