ಹಳೆಯ ರಿವಾಲ್ವರು: ಪ್ರಯೋಗವೋ ರಕ್ಷಣೆಯೋ?

ಇತಿಹಾಸದ ಆಕರಗಳೆಂದೊಡನೆ ಶಾಸನ, ಕಡತ, ನಾಣ್ಯಗಳು ನಮ್ಮ ನೆನಪಿಗೆ ಬರುತ್ತವೆಯೇ ಹೊರತು ಆಯುಧವು ಬರುವುದು ವಿರಳ. ಅಜ್ಜನ ಕಾಲದ ಪೆಟ್ಟಿಗೆಯಲ್ಲಿ ಹಳೆಯ ರಿವಾಲ್ವರೊಂದು ದೊರೆತರೆ 'ಇದು ಇನ್ನೂ ಸಿಡಿಯುವುದೇ?' ಎಂಬ ಪ್ರಶ್ನೆ ಮೊದಲು ಹುಟ್ಟುತ್ತದೆ. 'ಇದು ನಮಗೆ ಏನನ್ನು ತಿಳಿಸುತ್ತದೆ?' ಎಂಬ ಪ್ರಶ್ನೆ ಬಹುಮಟ್ಟಿಗೆ ಹುಟ್ಟುವುದೇ ಇಲ್ಲ. ಇಂತಹ ಆಯುಧವನ್ನು ಸಿಡಿಸಿ ನೋಡಬಹುದೇ ಅಥವಾ ಇದ್ದಂತೆಯೇ ಕಾಪಾಡಬೇಕೇ ಎಂಬುದನ್ನು ಇಲ್ಲಿ ವಿಚಾರಿಸಲು ಯತ್ನಿಸುತ್ತೇವೆ.

ಈ ವಿಚಾರಕ್ಕೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸೀಮೆಯನ್ನು ನಾವು ಆರಿಸಿಕೊಂಡಿರುವುದಕ್ಕೆ ಕಾರಣವುಂಟು. ಮೂರನೆಯ ಮೈಸೂರು ಯುದ್ಧದಲ್ಲಿ, 1791ರ ಡಿಸೆಂಬರ್ 21ರಂದು, ಮಾಗಡಿಯ ಸಾವನದುರ್ಗವು ಕಾರ್ನ್‌ವಾಲಿಸನ ಸೇನೆಯ ವಶವಾಯಿತು. ಅದೇ ದಂಡಯಾತ್ರೆಯ ಕಾಲದಲ್ಲಿ ಕಾನಕಾನಹಳ್ಳಿಯ, ಎಂದರೆ ಇಂದಿನ ಕನಕಪುರದ, ಕೋಟೆಯು ಶತ್ರುಗಳಿಗೆ ಉಪಯೋಗಕ್ಕೆ ಬಾರದಿರಲೆಂದು ಟಿಪ್ಪು ಸುಲ್ತಾನನೇ ಅದನ್ನು ಕೆಡವಿಸಿದನು. ಇಂದಿನ ರಾಮನಗರವು 1800ರಲ್ಲಿ ದಿವಾನ್ ಪೂರ್ಣಯ್ಯನವರಿಂದ ಸ್ಥಾಪಿತವಾಗಿ, ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸನ ಹೆಸರಿನಿಂದ ಕ್ಲೋಸ್‌ಪೇಟೆ ಎನಿಸಿಕೊಂಡಿತು. ಅದೇ ವರ್ಷ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನನು ಮಾಗಡಿಯ ಕಡೆಯ ಘಟ್ಟಿಪುರದಲ್ಲಿ ಕಬ್ಬಿಣ ಮತ್ತು ಉಕ್ಕನ್ನು ತೆಗೆಯುತ್ತಿದ್ದ ಕ್ರಮವನ್ನೂ, ಚನ್ನಪಟ್ಟಣದಲ್ಲಿ ವಾದ್ಯಗಳಿಗಾಗಿ ಉಕ್ಕಿನ ತಂತಿಯನ್ನು ಎಳೆಯುತ್ತಿದ್ದ ಕ್ರಮವನ್ನೂ ವಿವರಿಸಿದ್ದಾನೆ. ಹೀಗೆ ಲೋಹವನ್ನು ಕರಗಿಸಿದವರೂ, ತಂತಿಯೆಳೆದವರೂ, ಕೋಟೆ ಕಾದವರೂ ಒಂದೇ ಸೀಮೆಯಲ್ಲಿದ್ದರು. ಇಂತಹ ನಾಡಿನಲ್ಲಿ ಆಯುಧವು ಯುದ್ಧಕ್ಕೆ ಮಾತ್ರವಲ್ಲ, ಕುಶಲಕರ್ಮಕ್ಕೂ ಸಾಕ್ಷಿ.

ಆ ಸಾಕ್ಷ್ಯವನ್ನು ಓದುವ ಬಗೆಯನ್ನು ಟಿಪ್ಪುವಿನ ಕಾಲದ ಚಕಮಕಿ ಬಂದೂಕುಗಳು ತೋರಿಸಿಕೊಟ್ಟಿವೆ. ಅವುಗಳಲ್ಲಿ ಹಲವುದರ ಮೇಲೆ ಹುಲಿಪಟ್ಟೆಯ ಗುರುತು, ತಯಾರಾದ ಊರಿನ ಹೆಸರು, ಮೌಲೂದಿ ಶಕದ ವರ್ಷ ಇವು ಕಾಣುತ್ತವೆ. ರಾಬಿನ್ ವಿಗಿಂಗ್‌ಟನ್ ಎಂಬ ಸಂಗ್ರಾಹಕನು ಇವನ್ನು ಹೋಲಿಸಿ 1992ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದನು. ಅದೇ ಸಂಗ್ರಹವು 2015ರ ಏಪ್ರಿಲಿನಲ್ಲಿ ಲಂಡನ್ನಿನಲ್ಲಿ ಹರಾಜಾದಾಗ ಒಟ್ಟು 60 ಲಕ್ಷ ಪೌಂಡುಗಳಿಗೂ ಮಿಕ್ಕಿದ ಬೆಲೆ ಬಂದಿತು. ಬೆಲೆಯ ಮಾತು ಹಾಗಿರಲಿ. ಈ ಗುರುತುಗಳು ಅಳಿಸದೆ ಉಳಿದುದರಿಂದಲೇ ಆ ಅಧ್ಯಯನವು ಸಾಧ್ಯವಾಯಿತೆಂಬುದು ನಮಗೆ ಮುಖ್ಯ.

ರಿವಾಲ್ವರು ಈ ಯುದ್ಧಗಳಿಗಿಂತ ಈಚಿನದು. ಅಮೆರಿಕದ ಸ್ಯಾಮ್ಯುಯೆಲ್ ಕೋಲ್ಟನು ತನ್ನ ದೇಶದಲ್ಲಿ ಅದಕ್ಕೆ ಹಕ್ಕುಪತ್ರ ಪಡೆದುದು 1836ರಲ್ಲಿ. ಇಂಗ್ಲೆಂಡಿನ ರಾಬರ್ಟ್ ಆಡಮ್ಸನ ರಿವಾಲ್ವರು 1851ರಲ್ಲಿ ಬಂದಿತು. ವೆಬ್ಲಿ ರಿವಾಲ್ವರನ್ನು ಬ್ರಿಟಿಷ್ ಸೈನ್ಯವು 1887ರಲ್ಲಿ ಅಂಗೀಕರಿಸಿತು. 1809ರಲ್ಲಿ ಸ್ಥಾಪಿತವಾದ ಬೆಂಗಳೂರಿನ ದಂಡು ಹತ್ತಿರದಲ್ಲಿಯೇ ಇದ್ದುದರಿಂದ ಇಂತಹ ಆಯುಧಗಳು ಈ ಸೀಮೆಯನ್ನು ಸೇರುವುದು ಕಷ್ಟವಾಗಿರಲಿಲ್ಲ. ರಿವಾಲ್ವರಿನ ಮೇಲೂ ಓದಬೇಕಾದುದು ಬಹಳವಿದೆ: ತಯಾರಕನ ಹೆಸರು, ಕ್ರಮಸಂಖ್ಯೆ, ಪರೀಕ್ಷಾ ಮುದ್ರೆ, ಮಾರಿದ ಅಂಗಡಿಯ ಹೆಸರು, ಹಿಡಿಯ ಸವೆತ. ಬೇರೆ ಬೇರೆ ಭಾಗಗಳ ಮೇಲೆ ಒಂದೇ ಸಂಖ್ಯೆಯಿದ್ದರೆ ಆಯುಧವು ಮೂಲರೂಪದಲ್ಲಿದೆ ಎಂದು ತರ್ಕಿಸಬಹುದು.

ಸಿಡಿಸಬೇಕೆನ್ನುವವರ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಬಳಸದ ಯಂತ್ರವು ಅರ್ಧ ಓದಿದ ಪುಸ್ತಕವೆಂದು ಅವರು ಹೇಳುತ್ತಾರೆ. ಮೈಸೂರಿನ ದಸರೆಯಲ್ಲಿ ಹಳೆಯ ಫಿರಂಗಿಗಳಿಂದ 21 ಕುಶಾಲತೋಪುಗಳನ್ನು ಇಂದಿಗೂ ಹಾರಿಸುವುದಿಲ್ಲವೇ? ಕೊಡಗಿನಲ್ಲಿ ಕೈಲ್‌ಪೊಳ್ದಿನ ದಿನ ಕೋವಿಯನ್ನು ಪೂಜಿಸುವುದೂ, ಗಂಡುಮಗು ಹುಟ್ಟಿದಾಗ ಒಂದು ಗುಂಡು, ಮರಣವಾದಾಗ ಎರಡು ಗುಂಡು ಹಾರಿಸುವುದೂ ಸಂಪ್ರದಾಯವಲ್ಲವೇ? 1861ರಲ್ಲಿ ಮಾರ್ಕ್ ಕಬ್ಬನ್ನನು ಕೊಡವರಿಗೆ ನೀಡಿದ ವಿನಾಯಿತಿಯು ರೂಪಾಂತರಗಳೊಡನೆ ಮುಂದುವರಿದು, 2019ರಲ್ಲಿ ಮತ್ತೆ ಹತ್ತು ವರ್ಷಗಳಿಗೆ ವಿಸ್ತರಿಸಲ್ಪಟ್ಟಿದೆ.

ಈ ನಿದರ್ಶನಗಳು ನಿಜವೇ. ಆದರೆ ಅಲ್ಲಿ ಸಿಡಿತವೇ ಆಚಾರ. ಅದು ನಿಂತರೆ ಒಂದು ಪರಂಪರೆಯೇ ನಿಲ್ಲುತ್ತದೆ. ತೋಪುಗಳನ್ನು ಹಾರಿಸುವವರು ತರಬೇತಾದ ಸಿಬ್ಬಂದಿ. ಪ್ರತಿವರ್ಷವೂ ಅವರು ಅಭ್ಯಾಸ ಮಾಡುತ್ತಾರೆ. ಪೆಟ್ಟಿಗೆಯಲ್ಲಿ ಎರಡು ತಲೆಮಾರು ಮಲಗಿದ್ದ ರಿವಾಲ್ವರಿಗೆ ಇಂತಹ ಆಚಾರವೂ ಇಲ್ಲ, ಅದನ್ನು ಬಲ್ಲ ಕೈಯೂ ಇಲ್ಲ. ಅಲ್ಲಿ ಸಿಡಿಸುವುದು ಕುತೂಹಲವೊಂದನ್ನೇ ತಣಿಸುತ್ತದೆ.

ಆ ಕುತೂಹಲಕ್ಕೆ ತೆರಬೇಕಾದ ಬೆಲೆಯೇನೆಂಬುದನ್ನೂ ನೋಡೋಣ. ಕರಿಮದ್ದು ಉರಿದಾಗ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಭಾಗವು ಘನರೂಪದ ಕಿಟ್ಟವಾಗಿ ಉಳಿಯುತ್ತದೆ. ಅದು ಗಾಳಿಯ ತೇವವನ್ನು ಹೀರಿ ನಳಿಗೆಗೆ ತುಕ್ಕು ಹಿಡಿಸುತ್ತದೆ. ಹಳೆಯ ಕೇಪುಗಳಲ್ಲಿದ್ದ ಕ್ಲೋರೇಟಿನ ಶೇಷವೂ ಇದೇ ಹಾನಿಯನ್ನು ಮಾಡುತ್ತದೆ. ಇಂದಿನ ಹೊಗೆಯಿಲ್ಲದ ಮದ್ದನ್ನು ತುಂಬಿದರಂತೂ, ಕರಿಮದ್ದಿಗಾಗಿ ರಚಿತವಾದ ಉರುಳೆಯು ಒತ್ತಡವನ್ನು ತಾಳಲಾರದೆ ಒಡೆದು, ಹಿಡಿದವನ ಪ್ರಾಣಕ್ಕೇ ಅಪಾಯ ತರಬಹುದು. ಇಷ್ಟಾಗಿಯೂ ಸಿಡಿಸಲೇಬೇಕೆಂದರೆ ಮೊದಲು ರಿಪೇರಿಯಾಗಬೇಕು: ಸೋತ ಸ್ಪ್ರಿಂಗಿಗೆ ಹೊಸ ಸ್ಪ್ರಿಂಗು, ಸವೆದ ಭಾಗಕ್ಕೆ ಹೊಸ ಭಾಗ, ಮೇಲೆ ಉಜ್ಜಿ ಹೊಳಪು. ಆಗ ಸಂಖ್ಯೆಗಳ ಹೊಂದಿಕೆ ಕೆಡುತ್ತದೆ, ಮುದ್ರೆಗಳು ಮಾಸುತ್ತವೆ. ಶಾಸನದ ಅಕ್ಷರಗಳನ್ನು ಸ್ಪಷ್ಟಪಡಿಸಲೆಂದು ಉಳಿಯಿಂದ ಮತ್ತೆ ಕೆತ್ತಿದಂತೆಯೇ ಸರಿ.

ಕಾನೂನಿನ ಕಡೆಯಿಂದಲೂ ಅಪಾಯವೊಂದಿದೆ. 1959ರ ಆಯುಧ ಕಾಯಿದೆಯ 45ನೆಯ ವಿಧಿಯಂತೆ, ಹಳೆಯ ಮಾದರಿಯದಾಗಿ, ರಿಪೇರಿಯಿಂದಲೂ ಬಳಕೆಗೆ ಬಾರದ ಆಯುಧಕ್ಕೆ ಆ ಕಾಯಿದೆಯು ಅನ್ವಯಿಸದು. ಇದನ್ನು ಕೇಳಿದ ಕೆಲವರು ರಿವಾಲ್ವರಿನ ನಳಿಗೆಗೆ ತೂತು ಕೊರೆಸಿ ನಿಶ್ಚಿಂತರಾಗಲು ಬಯಸಬಹುದು. ಸಿಡಿಸಲೆಂದು ರಿಪೇರಿ ಮಾಡಿಸುವವನೂ, ಸಿಡಿಯದಿರಲೆಂದು ಕೊರೆಸುವವನೂ ಕೊನೆಗೆ ಒಂದೇ ಸಾಕ್ಷ್ಯವನ್ನು ಅಳಿಸುತ್ತಾರೆ.

2019ರ ಡಿಸೆಂಬರಿನಲ್ಲಿ ಜಾರಿಗೆ ಬಂದ ತಿದ್ದುಪಡಿಯು ಈ ಪ್ರಶ್ನೆಯನ್ನು ಇನ್ನಷ್ಟು ತೀವ್ರಗೊಳಿಸಿತು. ಒಬ್ಬನು ಹೊಂದಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿಯಿತು. ಪಿತ್ರಾರ್ಜಿತವಾಗಿ ಬಂದವೂ ಈ ಮಿತಿಯೊಳಗೇ ಸೇರಿದುವು. ಮಿಕ್ಕುದನ್ನು ಒಂದು ವರ್ಷದೊಳಗೆ ಠಾಣೆಗಾಗಲಿ ಪರವಾನಗಿಯುಳ್ಳ ವ್ಯಾಪಾರಿಗಾಗಲಿ ಒಪ್ಪಿಸಬೇಕಾಯಿತು. ಕನಕಪುರದ ಕಾಡಂಚಿನಲ್ಲಿ ಆನೆ, ಹಂದಿಗಳಿಂದ ಬೆಳೆ ಕಾಯಬೇಕಾದ ರೈತನು ಬಳಕೆಯ ಬಂದೂಕನ್ನು ಇರಿಸಿಕೊಂಡು ಅಜ್ಜನ ರಿವಾಲ್ವರನ್ನು ಬಿಟ್ಟುಕೊಟ್ಟರೆ ಅವನನ್ನು ದೂರುವಂತಿಲ್ಲ. ಆದರೆ ಆಯುಧವು ಮನೆಯಿಂದ ಹೊರಟಾಗ ಅದು ಯಾರದು, ಎಲ್ಲಿಂದ ಬಂದಿತು, ಏಕೆ ಉಳಿಯಿತು ಎಂಬ ಕಥೆಯೂ ಹೊರಟುಹೋಗುತ್ತದೆ. ಕಥೆ ತಪ್ಪಿದ ಆಯುಧವು ಬರಿಯ ಕಬ್ಬಿಣ.

ಆದುದರಿಂದ ನಮ್ಮ ಅಭಿಪ್ರಾಯವಿಷ್ಟು. ಸಿಡಿತವು ಜೀವಂತ ಆಚಾರವಾಗಿರುವಲ್ಲಿ ಬಲ್ಲವರ ಕೈಯಲ್ಲಿ ಅದು ಮುಂದುವರಿಯಲಿ. ಉಳಿದೆಡೆ ಹಳೆಯ ಆಯುಧವನ್ನು ಸಿಡಿಸಲೂ ಬಾರದು, ಕೊರೆಯಲೂ ಬಾರದು. ಅದರ ಕಾರ್ಯವಿಧಾನವನ್ನು ಅರಿಯಬೇಕೆಂದರೆ ಇಂದು ಅದೇ ಮಾದರಿಯಲ್ಲಿ ತಯಾರಾಗುವ ಪ್ರತಿಕೃತಿಗಳಿಂದ ಅರಿಯಬಹುದು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ಬಿದನೂರು ನಗರದ ಬಾವಿಯೊಂದರಲ್ಲಿ ಸಾವಿರಕ್ಕೂ ಹೆಚ್ಚು ಹಳೆಯ ರಾಕೆಟ್ಟುಗಳು ದೊರೆತುವು. ಅವುಗಳಲ್ಲಿ ಒಂದನ್ನು ಹಚ್ಚಿ ನೋಡೋಣವೆಂದರೆ ಯಾರೂ ಒಪ್ಪಲಾರರು. ಒಂದು ರಿವಾಲ್ವರಿಗೂ ಅದೇ ನ್ಯಾಯ ಸಲ್ಲಬೇಕು.

ಕಾಲೇಜುಗಳು ಇಲ್ಲಿ ಮಾಡಬಹುದಾದ ಕೆಲಸವು ದೊಡ್ಡದೇನಲ್ಲ. ಪರವಾನಗಿಯುಳ್ಳ ಮಾಲೀಕರ ಒಪ್ಪಿಗೆಯಿಂದ, ಗುಂಡು ತುಂಬಿಲ್ಲವೆಂದು ಬಲ್ಲವರು ಪರೀಕ್ಷಿಸಿದ ಮೇಲೆ, ಅಧ್ಯಾಪಕರು ವಿದ್ಯಾರ್ಥಿಗಳೊಡನೆ ಆಯುಧದ ಅಳತೆ, ಮುದ್ರೆ, ಸಂಖ್ಯೆಗಳನ್ನು ಬರೆದುಕೊಂಡು ಚಿತ್ರ ತೆಗೆದಿರಿಸಲಿ. ಹಿರಿಯರ ಬಾಯಿಂದ ಅದರ ಕಥೆಯನ್ನೂ ಕೇಳಿ ಬರೆದುಕೊಳ್ಳಲಿ. ನೂರು ವರ್ಷ ದಾಟಿದ ವಸ್ತುಗಳಿಗೆ 1972ರ ಪ್ರಾಚ್ಯವಸ್ತು ಕಾಯಿದೆಯ ರಕ್ಷಣೆಯುಂಟೆಂಬುದನ್ನು ಮನೆಯವರಿಗೆ ತಿಳಿಸಲಿ. ಆಮೇಲೆ ಆಯುಧವು ಠಾಣೆಗೆ ಹೋದರೂ ಅದರ ಇತಿಹಾಸವಾದರೂ ನಮ್ಮಲ್ಲಿ ಉಳಿಯುತ್ತದೆ.